ಯಾವ ಗಾಳಿಗೆ ಯಾವ ಮುಖಗವಸು?

2024ರ ಜೂನ್ ತಿಂಗಳಲ್ಲಿ ಮೈಸೂರಿನ ಹಳೇ ಕೆಸರೆ ಭಾಗದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಸಿಲಿಂಡರಿನಿಂದ ಕ್ಲೋರಿನ್ ಅನಿಲ ಸೋರಿತು. ಸುತ್ತಮುತ್ತಲಿನ ಐವತ್ತಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಕುಡಿಯುವ ನೀರನ್ನು ಶುದ್ಧಗೊಳಿಸುವ ಅದೇ ಕ್ಲೋರಿನ್, ಗಾಳಿಯಲ್ಲಿ ಬೆರೆತಾಗ ಕಣ್ಣು ಉರಿಸಿ, ಉಸಿರು ಕಟ್ಟಿಸಿ, ಒಂದು ಬಡಾವಣೆಯನ್ನೇ ಬೀದಿಗೆ ತಂದಿತು.

ಇಂಥ ಸುದ್ದಿ ಓದಿದ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ಔಷಧಿ ಅಂಗಡಿಗೆ ಹೋಗಿ, ‘ಮನೇಲಿ ಇರಲಿ, ಒಳ್ಳೇ ಮಾಸ್ಕ್ ನಾಲ್ಕು ಕೊಡಿ’ ಎಂದು ಕೇಳುತ್ತಾರೆ ಎಂದುಕೊಳ್ಳೋಣ. ಅಂಗಡಿಯವರು ತಿಳಿದವರಾಗಿದ್ದರೆ ಡಬ್ಬಿಗೆ ಕೈ ಹಾಕುವ ಮೊದಲು, ‘ಯಾವುದಕ್ಕೆ ಸಾರ್?’ ಎಂದು ಕೇಳುತ್ತಾರೆ. ಬಹಳ ಜನಕ್ಕೆ ಈ ಪ್ರಶ್ನೆ ವಿಚಿತ್ರವೆನಿಸುತ್ತದೆ. ಮಾಸ್ಕ್ ಎಂದರೆ ಮಾಸ್ಕ್, ಅದರಲ್ಲಿ ಯಾವುದಕ್ಕೆ ಎನ್ನುವುದೇನು ಬಂತು?

ಬಂತು. ಎಲ್ಲ ಗಾಳಿಗೂ ಒಂದೇ ಮುಖಗವಸು ಇಲ್ಲ. ಕೋವಿಡ್ ಕಾಲದಲ್ಲಿ ಕೊಂಡು ಬೀರುವಿನಲ್ಲಿ ಉಳಿದಿರುವ ಎನ್95 ಮಾಸ್ಕ್ ರೋಗಿಯ ಕೋಣೆಯಲ್ಲಿ ದೊಡ್ಡ ರಕ್ಷಣೆ. ಕ್ಲೋರಿನ್ ಸೋರಿದ ಬೀದಿಯಲ್ಲಿ ಹೆಚ್ಚುಕಡಿಮೆ ನಿರುಪಯೋಗಿ. ಮ್ಯಾನ್‌ಹೋಲಿನೊಳಗೆ ಮೃತ್ಯುವಿಗೆ ಆಹ್ವಾನ. ವಸ್ತು ಒಂದೇ, ಗಾಳಿ ಬೇರೆ. ಆದ್ದರಿಂದ ಮುಖಗವಸನ್ನು ಆರಿಸುವ ಮೊದಲು, ಗಾಳಿಯಲ್ಲಿ ಏನಿದೆ ಎಂದು ಕೇಳಬೇಕು. ಅಲ್ಲಿರುವುದು ಕಣವೇ, ಅನಿಲವೇ, ಅಥವಾ ಆಮ್ಲಜನಕದ ಕೊರತೆಯೇ? ಈ ಮೂರರಲ್ಲಿ ಯಾವುದೆಂದು ತಿಳಿದರೆ ಆಯ್ಕೆ ಸುಲಭ.

ಕಣಗಳ ಲೋಕ

ಮೊದಲು ಕಣಗಳನ್ನು ನೋಡೋಣ. ಧೂಳು, ಹೊಗೆ, ಪರಾಗ, ಕೆಮ್ಮಿದಾಗ ಸಿಡಿಯುವ ತುಂತುರು, ಇವೆಲ್ಲ ಗಾಳಿಯಲ್ಲಿ ತೇಲುವ ಘನ ಅಥವಾ ದ್ರವ ಕಣಗಳು. ಇವುಗಳನ್ನು ಅಳೆಯಲು ಮೈಕ್ರಾನ್ ಎಂಬ ಮಾನವಿದೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ರಸ್ತೆಯ ದಪ್ಪ ಧೂಳು ಮೂಗಿನ ಕೂದಲಿನಲ್ಲಿ, ಗಂಟಲಿನ ಲೋಳೆಯಲ್ಲಿ ಸಿಕ್ಕಿಬೀಳುತ್ತದೆ. ಆದರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯುತ್ತವೆ. ಹೊಗೆಯಲ್ಲಿ ಹೆಚ್ಚಾಗಿರುವುದು ಇಂಥವೇ.

ಮೈಸೂರಿನ ಹೆಸರನ್ನು ಲೋಕಕ್ಕೆಲ್ಲ ಹರಡಿರುವ ಊದುಬತ್ತಿಯನ್ನೇ ತೆಗೆದುಕೊಳ್ಳಿ. ಇದ್ದಿಲಿನ ಪುಡಿ, ಜಿಗಟಿನ ಪುಡಿ ಬೆರೆಸುವಾಗ ಏಳುವ ಧೂಳು ಅದನ್ನು ಹೊಸೆಯುವವರ ಎದೆಗೆ ಇಳಿಯುತ್ತದೆ. ಬೀಟೆ ಮರದಲ್ಲಿ ಕುಸುರಿ ಕೂರಿಸುವ ಕೆಲಸದಲ್ಲಿ ಉಜ್ಜುವಾಗ ಏಳುವ ಮರದ ಹುಡಿಯೂ ಹಾಗೆಯೇ. ಕಲ್ಲಿನ ಧೂಳಂತೂ ಇನ್ನೂ ಕ್ರೂರ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಬಂಡೆ ಕೊರೆಯುವಾಗ ಏಳುತ್ತಿದ್ದ ಸಿಲಿಕಾ ಧೂಳೇ ಕಾರಣ. ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲು ಕೊರೆಯುವ, ಗ್ರಾನೈಟ್ ಮತ್ತು ಟೈಲ್ಸ್ ಕತ್ತರಿಸುವ ಕೆಲಸ ನಮ್ಮ ಮನೆ ಬಾಗಿಲಲ್ಲೇ ನಡೆಯುತ್ತಿದೆ.

ಕಣಗಳನ್ನು ತಡೆಯಲು ಸೋಸುವ ಮುಖಗವಸು ಸಾಕು. ಆದರೆ ಅದು ಸೋಸುವ ಬಗೆ ಜರಡಿಯಂತಲ್ಲ. ಎನ್95 ಮಾಸ್ಕಿನ ನಡುವಣ ಪದರದಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಅತಿ ಸಣ್ಣ ಎಳೆಗಳು ಅಡ್ಡಾದಿಡ್ಡಿಯಾಗಿ ಹರಡಿರುತ್ತವೆ. ಎಳೆಗಳ ನಡುವಿನ ತೆರಪು ವೈರಾಣುವಿಗಿಂತ ಬಹಳ ದೊಡ್ಡದು. ಆದರೂ ಕಣ ಸಿಕ್ಕಿಬೀಳುತ್ತದೆ. ಹೇಗೆ?

ದೊಡ್ಡ ಕಣ ಭಾರವಾದದ್ದು. ಗಾಳಿ ಎಳೆಯನ್ನು ಬಳಸಿ ತಿರುಗಿದರೂ ಅದು ತಿರುಗಲಾರದೆ ನೇರ ಹೋಗಿ ಎಳೆಗೆ ಬಡಿಯುತ್ತದೆ. ವೇಗವಾಗಿ ಬಂದ ಸೈಕಲ್ ತಿರುವಿನಲ್ಲಿ ಬೇಲಿಗೆ ನುಗ್ಗಿದ ಹಾಗೆ. ಅತಿ ಸಣ್ಣ ಕಣಕ್ಕೆ ಗಾಳಿಯ ಅಣುಗಳು ಎಲ್ಲ ಕಡೆಯಿಂದ ಡಿಕ್ಕಿ ಹೊಡೆಯುತ್ತಿರುತ್ತವೆ. ಅದು ಜಾತ್ರೆಯ ಗುಂಪಿನಲ್ಲಿ ಸಿಕ್ಕ ಮಗುವಿನಂತೆ ಅತ್ತಿತ್ತ ತೂರಾಡುತ್ತಾ ಯಾವುದಾದರೊಂದು ಎಳೆಗೆ ತಾಗುತ್ತದೆ. ಇದೇ ವಿದ್ಯಾರ್ಥಿಗಳು ಪಾಠದಲ್ಲಿ ಓದುವ ಬ್ರೌನಿಯನ್ ಚಲನೆ. ಇವೆರಡರ ನಡುವೆ, ಸುಮಾರು 0.3 ಮೈಕ್ರಾನ್ ಗಾತ್ರದ ಕಣ, ಅತ್ತ ಭಾರವೂ ಅಲ್ಲ ಇತ್ತ ತೂರಾಡುವಷ್ಟು ಹಗುರವೂ ಅಲ್ಲದ್ದರಿಂದ, ಹಿಡಿಯಲು ಬಹಳ ಕಷ್ಟವಾದದ್ದು. ಆದ್ದರಿಂದಲೇ ಪರೀಕ್ಷೆಯನ್ನು ಈ ಗಾತ್ರದ ಸುತ್ತ ಮಾಡುತ್ತಾರೆ. ಅಲ್ಲೇ ನೂರಕ್ಕೆ 95ನ್ನು ಹಿಡಿದರೆ, ಅದಕ್ಕಿಂತ ದೊಡ್ಡದನ್ನೂ ಸಣ್ಣದನ್ನೂ ಇನ್ನೂ ಚೆನ್ನಾಗಿ ಹಿಡಿಯುತ್ತದೆ. 95 ಎಂಬ ಅಂಕಿಯ ಅರ್ಥ ಇದೇ. ಎನ್ ಎಂಬ ಅಕ್ಷರ ಎಣ್ಣೆಯ ತುಂತುರಿಗೆ ಇದು ತಕ್ಕದ್ದಲ್ಲ ಎಂಬುದರ ಗುರುತು.

ಇದರ ಜೊತೆಗೆ ಆ ಎಳೆಗಳಲ್ಲಿ ವಿದ್ಯುದಾವೇಶವನ್ನು ತುಂಬಿರುತ್ತಾರೆ. ಒಣ ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದಿಲ್ಲವೆ? ಅದೇ ತತ್ವ. ಎಳೆಗಳು ಒತ್ತೊತ್ತಾಗಿಲ್ಲದಿದ್ದರೂ ಕಣವನ್ನು ಸೆಳೆದುಕೊಳ್ಳುವುದರಿಂದ ಉಸಿರಾಟಕ್ಕೂ ಕಷ್ಟವಾಗದು. ಕೋವಿಡ್ ಕಾಲದಲ್ಲಿ ಎನ್95 ಮಾಸ್ಕನ್ನು ಸೋಪು ಹಾಕಿ ಒಗೆದು, ಸ್ಯಾನಿಟೈಸರ್ ಸಿಂಪಡಿಸಿ ಮತ್ತೆ ಧರಿಸಿದವರು ಬಹಳ. ಮಾಸ್ಕ್ ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ಆಲ್ಕೊಹಾಲ್ ತಗುಲಿದರೆ ಆ ಆವೇಶ ಅಳಿಸಿಹೋಗುತ್ತದೆ, ಒಗೆತದಿಂದಲೂ ಕುಂದುತ್ತದೆ. ಉಳಿಯುವುದು ಬರಿಯ ಬಟ್ಟೆ.

ಹಾರ್ಬಿನ್‌ನಿಂದ ಮೈಸೂರಿಗೆ

ಮುಖಗವಸು ಜೀವ ಉಳಿಸಬಲ್ಲದೆಂದು ಲೋಕಕ್ಕೆ ತೋರಿಸಿದವರು ಡಾ. ವು ಲಿಯನ್-ಟೆ ಎಂಬ ವೈದ್ಯರು. 1910-11ರ ಚಳಿಗಾಲದಲ್ಲಿ ಚೀನಾದ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿತು. ಇದು ಇಲಿಯ ಚಿಗಟದಿಂದಲ್ಲ, ಕೆಮ್ಮಿನ ತುಂತುರಿನಿಂದ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ ಎಂದು ಗುರುತಿಸಿದ ವು, ಹತ್ತಿಯನ್ನು ಗಾಜ್ ಬಟ್ಟೆಯ ಪದರಗಳಲ್ಲಿಟ್ಟು ಮುಖಕ್ಕೆ ಬಿಗಿಯಾಗಿ ಕಟ್ಟುವ ಕವಚ ಮಾಡಿಸಿದರು. ಮೆಸ್ನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಈ ಮಾತನ್ನು ಒಪ್ಪದೆ ಬರಿಮುಖದಲ್ಲಿ ರೋಗಿಗಳನ್ನು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದರು.

ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಬಂದದ್ದು ಮುಖ್ಯವಾಗಿ ಇಲಿಯ ಚಿಗಟದಿಂದ ಹರಡುವ ಗಡ್ಡೆ ಪ್ಲೇಗ್. ಅದಕ್ಕೆ ಮುಖಗವಸು ಮದ್ದಲ್ಲ. ಆದರೆ ಆ ಪ್ಲೇಗ್ ಮೈಸೂರಿಗೆ ಒಂದು ಪಾಠ ಕಲಿಸಿತು. ಇಕ್ಕಟ್ಟಾದ, ಬೆಳಕಿಲ್ಲದ ಕೇರಿಗಳನ್ನು ಬಿಡಿಸಿ, ಅಗಲವಾದ ರಸ್ತೆ, ಗಾಳಿಯಾಡುವ ಮನೆಗಳ ಬಡಾವಣೆಗಳನ್ನು ಕಟ್ಟುವ ಕೆಲಸಕ್ಕಾಗಿ 1903ರಲ್ಲಿ ನಗರ ಸುಧಾರಣಾ ವಿಶ್ವಸ್ಥ ಮಂಡಳಿ ಹುಟ್ಟಿತು. ಹೊರಗಿನಿಂದ ಬಂದವರು ಮೆಚ್ಚುವ ಮೈಸೂರಿನ ವಿಶಾಲ ಬೀದಿಗಳ ಹಿಂದೆ ಈ ಕಥೆಯೂ ಇದೆ. ಮನೆಯೊಳಗಿನ ಗಾಳಿಯ ರೋಗಕ್ಕೂ ಇದೇ ಪಾಠ ಅನ್ವಯಿಸುತ್ತದೆ: ಮೊದಲು ಕಿಟಕಿ ತೆರೆಯಬೇಕು, ಮುಖಗವಸಿನ ಮಾತು ಆಮೇಲೆ.

ಕ್ಷಯ ರೋಗ ಇದಕ್ಕೆ ತಕ್ಕ ಉದಾಹರಣೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಕ್ಷಯ ರೋಗದ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ಅವರೂ ಕ್ಷಯಕ್ಕೇ ಬಲಿಯಾದವರು. ಅರಮನೆಯ ಗೋಡೆಯೂ ಆ ರೋಗವನ್ನು ತಡೆಯಲಿಲ್ಲ. ಈಗ ಔಷಧವಿದೆ. ಆದರೆ ಔಷಧ ಆರಂಭವಾದ ಮೊದಲ ವಾರಗಳಲ್ಲಿ ಮನೆಯಲ್ಲಿ ಎಚ್ಚರ ಬೇಕು. ಇಲ್ಲಿ ಎರಡು ಬಗೆಯ ಮುಖಗವಸಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ರೋಗಿಯು ಧರಿಸಬೇಕಾದದ್ದು ತೆಳುವಾದ ಸರ್ಜಿಕಲ್ ಮಾಸ್ಕ್. ಅದು ಬಾಯಿಂದ ಹೊರಬರುವ ತುಂತುರನ್ನು ಅಲ್ಲೇ ತಡೆಯುತ್ತದೆ. ಆರೈಕೆ ಮಾಡುವವರು ಧರಿಸಬೇಕಾದದ್ದು ಎನ್95. ತೇಲಾಡುವ ಸಣ್ಣ ಕಣಗಳನ್ನು ಒಳಗೆ ಬಿಡದಂತೆ ಅದು ಕಾಯುತ್ತದೆ. ಒಂದು ಇತರರನ್ನು ಕಾಯುವುದು, ಇನ್ನೊಂದು ಧರಿಸಿದವರನ್ನು ಕಾಯುವುದು. ಮನೆಯಲ್ಲಿ ಇದು ಅದಲುಬದಲಾಗಬಾರದು.

ಎನ್95 ಮಾಸ್ಕಿನಲ್ಲಿ ಕೆಲವಕ್ಕೆ ಮುಂದೆ ಒಂದು ಬಿಲ್ಲೆಯಂಥ ಕವಾಟವಿರುತ್ತದೆ. ಉಸಿರು ಬಿಟ್ಟಾಗ ಅದು ತೆರೆದುಕೊಂಡು ಸೆಕೆ ಕಡಿಮೆ ಮಾಡುತ್ತದೆ. ಧೂಳಿನ ಕೆಲಸಕ್ಕೆ ಇದು ಅನುಕೂಲವೇ. ಆದರೆ ಧರಿಸಿದವರಿಗೇ ಸೋಂಕಿದ್ದರೆ, ಸೋಸದ ಉಸಿರು ನೇರ ಎದುರಿನವರ ಮುಖಕ್ಕೆ. ಇದೇ ಕಾರಣಕ್ಕೆ 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕವಾಟವಿರುವ ಮಾಸ್ಕನ್ನು ಸಾರ್ವಜನಿಕರು ಬಳಸದಂತೆ ರಾಜ್ಯಗಳಿಗೆ ಪತ್ರ ಬರೆಯಿತು.

ಮುಖಕ್ಕೂ ಗವಸಿಗೂ ನಡುವೆ

2020ರ ದಸರಾದಲ್ಲಿ ಜಂಬೂ ಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. ನೋಡಲು ಬಂದ ಕೆಲವೇ ನೂರು ಜನರ ಮುಖದಲ್ಲೂ ಮಾಸ್ಕ್. ಅದೇ ತಿಂಗಳ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಮಾಸ್ಕ್ ಧರಿಸದವರಿಗೆ ನಗರಗಳಲ್ಲಿ 1000 ರೂಪಾಯಿ ದಂಡವೆಂದು ಸಾರಿ, ವಿರೋಧ ಬಂದ ಮೇಲೆ 250 ರೂಪಾಯಿಗೆ ಇಳಿಸಿತು. ದಂಡದ ಹೆದರಿಕೆಗೆ ಮಾಸ್ಕ್ ಎಲ್ಲರ ಬಳಿಯೂ ಬಂತು. ಆದರೆ ಹಲವರಿಗೆ ಅದು ಗಲ್ಲದ ಕೆಳಗೆ ನೇತಾಡುವ ವಸ್ತುವಾಯಿತು, ಪೊಲೀಸರು ಕಂಡಾಗ ಮೇಲೇರಿತು.

ಸರಿಯಾಗಿ ಧರಿಸಿದವರಲ್ಲೂ ಒಂದು ಕೊರತೆ ಉಳಿಯಿತು. ಬಟ್ಟೆ ಎಷ್ಟೇ ಉತ್ತಮವಿರಲಿ, ಅಂಚಿನಲ್ಲಿ ಸಂದಿ ಇದ್ದರೆ ಗಾಳಿ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ಸೋಸುವ ಪದರವನ್ನು ಬಿಟ್ಟು ಸಂದಿಯಲ್ಲಿ ನುಗ್ಗುತ್ತದೆ. ಮುಂಬಾಗಿಲಿಗೆ ದೊಡ್ಡ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಕನ್ನಡಕದ ಗಾಜು ಮಂಜಾಗುತ್ತಿದ್ದರೆ ಮೂಗಿನ ಪಕ್ಕದಲ್ಲಿ ಉಸಿರು ಸೋರುತ್ತಿದೆ ಎಂದೇ ಅರ್ಥ.

ಎನ್95 ಧರಿಸುವಾಗ ಎರಡೂ ಪಟ್ಟಿಗಳನ್ನು ಬಳಸಬೇಕು. ಒಂದು ನೆತ್ತಿಯ ಹಿಂದೆ, ಇನ್ನೊಂದು ಕತ್ತಿನ ಹಿಂದೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ ಕೂರಿಸಬೇಕು. ಆಮೇಲೆ ಅಂಗೈಗಳನ್ನು ಮಾಸ್ಕಿನ ಮೇಲೆ ಹಗುರವಾಗಿ ಇಟ್ಟು ಉಸಿರು ಬಿಡಬೇಕು. ಅಂಚಿನಲ್ಲಿ ಗಾಳಿ ತಾಗಿದರೆ ಮತ್ತೆ ಸರಿಪಡಿಸಬೇಕು. ಜೋರಾಗಿ ಉಸಿರು ಎಳೆದಾಗ ಮಾಸ್ಕ್ ಸ್ವಲ್ಪ ಒಳಕ್ಕೆ ಕುಸಿಯಬೇಕು. ಗಡ್ಡವಿದ್ದವರಿಗೆ ಅಂಚು ಕೂರುವುದಿಲ್ಲ. ಕಿವಿಗೆ ಸಿಕ್ಕಿಸುವ ದಾರದ ಮಾಸ್ಕ್ ಸಡಿಲವಾಗುವುದೇ ಹೆಚ್ಚು.

ಕೊಳ್ಳುವಾಗ ‘ಎನ್95’ ಎಂಬ ಬರಹವೊಂದನ್ನೇ ನಂಬಬಾರದು. ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನಮ್ಮ ದೇಶದಲ್ಲಿ ಇಂಥ ಸೋಸುವ ಮಾಸ್ಕಿಗೆ ಐ.ಎಸ್. 9473 ಎಂಬ ಮಾನಕವಿದೆ. ಅದರ ಪ್ರಕಾರ ಎಫ್.ಎಫ್.ಪಿ.2 ಎಂದು ಗುರುತಿಸಿದ ಮಾಸ್ಕ್ ಎನ್95ಕ್ಕೆ ಹೆಚ್ಚುಕಡಿಮೆ ಸಮಾನ. ಸರ್ಜಿಕಲ್ ಮಾಸ್ಕಿಗೆ ಐ.ಎಸ್. 16289. ಐ.ಎಸ್.ಐ. ಗುರುತು, ಮಾನಕದ ಸಂಖ್ಯೆ, ತಯಾರಕರ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇವೆಯೇ ನೋಡಬೇಕು.

ಮಕ್ಕಳ ವಿಷಯದಲ್ಲಿ ತಂದೆ ತಾಯಿ ಇನ್ನೂ ಎಚ್ಚರದಿಂದಿರಬೇಕು. ಎನ್95 ಮಾಸ್ಕ್ ದೊಡ್ಡವರ ಮುಖದ ಅಳತೆಗೆ ಮಾಡಿದ್ದು. ಮಗುವಿನ ಸಣ್ಣ ಮುಖದಲ್ಲಿ ಎಲ್ಲ ಕಡೆ ಸಂದಿ ಬಿಡುತ್ತದೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡವೆಂದು 2021ರ ಜೂನ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾ ನಿರ್ದೇಶನಾಲಯ ಸೂಚಿಸಿತು. ಉಬ್ಬಸ ಅಥವಾ ಹೃದಯದ ತೊಂದರೆ ಇದ್ದವರು ಬಿಗಿಯಾದ ಮಾಸ್ಕ್ ಧರಿಸುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಅನಿಲಕ್ಕೆ ಜರಡಿ ಇಲ್ಲ

ಇನ್ನು ಹಳೇ ಕೆಸರೆಯ ಕ್ಲೋರಿನ್ನಿಗೆ ಬರೋಣ. ಕ್ಲೋರಿನ್ ಕಣವಲ್ಲ, ಅನಿಲ. ಅದರ ಅಣು ಒಂದು ಮೈಕ್ರಾನಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತಲೂ ಸಣ್ಣದು. ನಾವು ಉಸಿರಾಡುವ ಆಮ್ಲಜನಕದ ಅಣುವಿಗೂ ಅದಕ್ಕೂ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ. ಕ್ಲೋರಿನ್ನನ್ನು ತಡೆಯುವಷ್ಟು ಸಣ್ಣ ತೂತಿನ ಜರಡಿ ಮಾಡಿದರೆ ಆಮ್ಲಜನಕಕ್ಕೂ ದಾರಿ ಕಷ್ಟವಾಗಿ ಧರಿಸಿದವರ ಉಸಿರೇ ಕಟ್ಟೀತು. ಆದ್ದರಿಂದ ಅನಿಲವನ್ನು ಸೋಸಲಾಗದು, ಹೀರಿ ಹಿಡಿಯಬೇಕು.

ಇದರ ಚರಿತ್ರೆ ದುಃಖದ್ದು. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಸಾವಿರಾರು ಸಿಲಿಂಡರುಗಳಿಂದ ಕ್ಲೋರಿನ್ ಹರಿಯಬಿಟ್ಟಿತು. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಹಸಿರು ಹಳದಿ ಅನಿಲ ನೆಲಕ್ಕೆ ಅಂಟಿಕೊಂಡು ಬಂದು ಕಂದಕಗಳಲ್ಲಿ ತುಂಬಿತು. ಒದ್ದೆ ಬಟ್ಟೆ ಬಿಟ್ಟರೆ ಸೈನಿಕರ ಬಳಿ ಬೇರೆ ರಕ್ಷಣೆ ಇರಲಿಲ್ಲ. ಅದೇ ವರ್ಷ ರಷ್ಯದ ರಸಾಯನಶಾಸ್ತ್ರಜ್ಞ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಿಲು ತುಂಬಿದ ಮುಖಕವಚವನ್ನು ರೂಪಿಸಿದರು. ವಿಶೇಷವಾಗಿ ಕಾಯಿಸಿ ಸಿದ್ಧಪಡಿಸಿದ ಇದ್ದಿಲಿನ ಒಳಗೆಲ್ಲ ಸೂಕ್ಷ್ಮ ರಂಧ್ರಗಳು. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು ಸಾವಿರ ಚದರ ಮೀಟರ್ ಆದೀತು. ಅಷ್ಟು ವಿಸ್ತಾರದಲ್ಲಿ ಅನಿಲದ ಅಣುಗಳು ಅಂಟಿಕೊಳ್ಳುತ್ತವೆ. ನಮ್ಮ ತೆಂಗಿನ ಚಿಪ್ಪಿನಿಂದಲೂ ಇಂಥ ಉತ್ತಮ ಇದ್ದಿಲು ತಯಾರಾಗುತ್ತದೆ.

ಹಾಗಾದರೆ ಮನೆಗೊಂದು ಅನಿಲ ಕವಚ ಕೊಂಡಿಡಬೇಕೆ? ಬೇಡ. ಅದರ ಡಬ್ಬಿಗಳೂ ಒಂದೊಂದು ಅನಿಲಕ್ಕೆ ಒಂದೊಂದು. ಯುರೋಪಿನ ಪದ್ಧತಿಯಲ್ಲಿ ಬಣ್ಣದ ಆವಿಗೆ ಕಂದು ಪಟ್ಟಿ, ಕ್ಲೋರಿನ್ನಿನಂಥದಕ್ಕೆ ಬೂದು, ಅಮೋನಿಯಕ್ಕೆ ಹಸಿರು. ತಪ್ಪು ಡಬ್ಬಿ ಹಾಕಿದರೆ ಸುಳ್ಳು ಧೈರ್ಯವಷ್ಟೇ. ಮೊಹರು ಒಡೆದ ಡಬ್ಬಿ ಗಾಳಿಯ ತೇವವನ್ನೂ ವಾಸನೆಯನ್ನೂ ಹೀರುತ್ತಾ ಸುಮ್ಮನೆ ಇದ್ದಲ್ಲೇ ಸವೆಯುತ್ತದೆ. ಬಣ್ಣ ಸಿಂಪಡಿಸುವವರು, ಕೀಟನಾಶಕ ಹೊಡೆಯುವವರು ತಮ್ಮ ಕೆಲಸಕ್ಕೆ ತಕ್ಕ ಡಬ್ಬಿಯ ಕವಚವನ್ನು ಬಳಸಲೇಬೇಕು. ಮನೆಯವರಿಗೆ ಕಾಲೇ ಕವಚ: ಅಲ್ಲಿಂದ ಹೊರಡಬೇಕು.

ಆದರೆ ಎತ್ತ ಹೊರಡಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಬೇಕು. ಕ್ಲೋರಿನ್ ಭಾರವಾದ್ದರಿಂದ ತಗ್ಗಿನಲ್ಲಿ, ನೆಲಮಾಳಿಗೆಯಲ್ಲಿ, ಮೋರಿಯ ಬದಿಯಲ್ಲಿ ನಿಲ್ಲುತ್ತದೆ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಜಾಗಕ್ಕೆ ಹೋಗಬೇಕು. ಗಾಳಿಯ ಜೊತೆಯಲ್ಲೇ ಓಡಿದರೆ ಅನಿಲವೂ ಜೊತೆಯಲ್ಲೇ ಬರುತ್ತದೆ. ಕ್ಲೋರಿನ್ ನೀರಿನಲ್ಲಿ ಸ್ವಲ್ಪ ಕರಗುವುದರಿಂದ, ಹೊರಬರುವ ಆ ಕೆಲವು ನಿಮಿಷ ಒದ್ದೆ ಟವೆಲ್ ಕೊಂಚ ನೆರವಾದೀತು. ಅದನ್ನು ನಂಬಿ ಅಲ್ಲೇ ನಿಲ್ಲಬಾರದು. ಹೊರಬಂದ ಮೇಲೆ ಕಣ್ಣನ್ನು ಧಾರಾಳ ನೀರಿನಿಂದ ತೊಳೆದು, ಅನಿಲ ತಾಗಿದ ಬಟ್ಟೆ ಬದಲಿಸಿ, 112ಕ್ಕೆ ಅಥವಾ 108ಕ್ಕೆ ಕರೆ ಮಾಡಬೇಕು.

ಗುಜರಿ ಅಂಗಡಿಯೇ ಬೇಕೆಂದಿಲ್ಲ, ಮನೆಯ ಬಚ್ಚಲಲ್ಲೂ ಕ್ಲೋರಿನ್ ಹುಟ್ಟಬಹುದು. ಕಕ್ಕಸು ತೊಳೆಯುವ ಆಮ್ಲದ ಜೊತೆಗೆ ಬ್ಲೀಚಿಂಗ್ ಪುಡಿ ಬೆರೆಸಿದರೆ ಕ್ಲೋರಿನ್ ಹೊರಬರುತ್ತದೆ. ಎರಡು ಸೇರಿದರೆ ಇನ್ನೂ ಬೆಳ್ಳಗಾದೀತೆಂದು ಬೆರೆಸಿ, ಬಾಗಿಲು ಹಾಕಿಕೊಂಡು ಉಜ್ಜುವವರಿದ್ದಾರೆ. ಮೂಗಿಗೆ ಎನ್95 ಕಟ್ಟಿಕೊಂಡರೂ ಇಲ್ಲಿ ಪ್ರಯೋಜನವಿಲ್ಲ. ಬೆರೆಸದಿರುವುದೇ ರಕ್ಷಣೆ.

ಯಾವ ಮುಖಗವಸೂ ಕೆಲಸಕ್ಕೆ ಬಾರದ ಕಡೆ

ಮೂರನೆಯ ಬಗೆ ಅತ್ಯಂತ ಅಪಾಯದ್ದು. ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ ಸುಮಾರು 21. ಅದು 19.5ಕ್ಕಿಂತ ಕೆಳಗಿಳಿದರೆ ಅಂಥ ಜಾಗ ಕೆಲಸಕ್ಕೆ ಸುರಕ್ಷಿತವಲ್ಲ. ಮುಖಗವಸು ಗಾಳಿಯಿಂದ ಕೆಟ್ಟದ್ದನ್ನು ತೆಗೆಯಬಲ್ಲದೇ ಹೊರತು, ಇಲ್ಲದ ಆಮ್ಲಜನಕವನ್ನು ತಂದುಕೊಡದು. ಮ್ಯಾನ್‌ಹೋಲ್, ಮಲದ ಗುಂಡಿ, ಬಹುಕಾಲ ಮುಚ್ಚಿದ್ದ ಸಂಪು, ಹಾಳು ಬಾವಿ, ಇಲ್ಲೆಲ್ಲ ಆಮ್ಲಜನಕ ಕಡಿಮೆ ಇರಬಹುದು, ಜೊತೆಗೆ ಹೈಡ್ರೋಜನ್ ಸಲ್ಫೈಡ್ ಇರಬಹುದು. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ನೆಮ್ಮದಿಪಡುವ ಹೊತ್ತಿಗೆ ಪ್ರಾಣಕ್ಕೆ ಸಂಚಕಾರ. ಒಬ್ಬರು ಬಿದ್ದರೆಂದು ಎತ್ತಲು ಇನ್ನೊಬ್ಬರು ಇಳಿದು, ಇಬ್ಬರೂ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಮಲದ ಗುಂಡಿಗೆ, ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಯಾರಿಗಾದರೂ ‘ಮಾಸ್ಕ್ ಕೊಡ್ತೀವಿ, ಇಳಿಯಪ್ಪ’ ಎಂದು ಹೇಳುವ ಮನೆಯವರು ಈ ಮಾತನ್ನು ನೆನಪಿಡಬೇಕು.

ಇಂಗಾಲದ ಮಾನಾಕ್ಸೈಡ್ ಇನ್ನೊಂದು ಮೋಸಗಾರ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸಕ್ತಿಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್, ಚಳಿಯ ರಾತ್ರಿ ಬಾಗಿಲು ಹಾಕಿದ ಕೋಣೆಯೊಳಗಿನ ಕೆಂಡ, ಇವು ಇದನ್ನು ಹುಟ್ಟಿಸುತ್ತವೆ. ಎನ್95 ಇದನ್ನು ತಡೆಯದು. ಸಾಮಾನ್ಯ ಇದ್ದಿಲಿನ ಡಬ್ಬಿಯೂ ತಡೆಯದು. ಗೀಸರ್ ಬಚ್ಚಲಿನ ಹೊರಗಿರಬೇಕು, ಗಾಳಿ ಆಡುವ ಕಿಂಡಿ ಇರಬೇಕು. ಅಡುಗೆ ಅನಿಲ ಸೋರಿದಾಗಲೂ ಹಾಗೆಯೇ. ಮುಖಗವಸು ಹುಡುಕುವುದಲ್ಲ, ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಮುಚ್ಚಿ ಎಲ್ಲರೂ ಹೊರಬರಬೇಕು.

ಬೆಂಕಿಯ ಹೊಗೆಯಲ್ಲಿ ಮೂರೂ ಅಪಾಯ ಒಟ್ಟಿಗೆ ಇರುತ್ತವೆ: ಕಣವಿದೆ, ವಿಷಾನಿಲವಿದೆ, ಆಮ್ಲಜನಕವೂ ಕಡಿಮೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರೂ ಇದ್ದರು. ಹೊಗೆ ತುಂಬಿದ ಕಡೆ ನೆಲದ ಹತ್ತಿರ ಗಾಳಿ ಸ್ವಲ್ಪ ಶುದ್ಧವಾಗಿರುತ್ತದೆ. ಬಗ್ಗಿ, ತೆವಳಿ ಮೆಟ್ಟಿಲಿನತ್ತ ಹೋಗಬೇಕು, ಲಿಫ್ಟ್ ಬಳಸಬಾರದು. ಎನ್95 ಅಥವಾ ಒದ್ದೆ ಬಟ್ಟೆ ಮಸಿಯನ್ನು ತಡೆದೀತು, ಮಾನಾಕ್ಸೈಡನ್ನಲ್ಲ. ಆದ್ದರಿಂದ ಅದನ್ನು ಕಟ್ಟಿಕೊಂಡು ಹೊರಬರಬಹುದು. ಮರೆತ ಮೊಬೈಲಿಗೆಂದು ಮತ್ತೆ ಒಳಗೆ ಹೋಗಬಾರದು.

ಮನೆಗೆ ಏನು ಬೇಕು?

ಔಷಧಿ ಅಂಗಡಿಯ ಮುಂದೆ ನಿಂತ ತಂದೆ ಮತ್ತು ಮಗಳಿಗೆ ಈಗ ಉತ್ತರ ಹೇಳಬಹುದು. ಒಂದು ಕಟ್ಟು ಸರ್ಜಿಕಲ್ ಮಾಸ್ಕ್: ಮನೆಯಲ್ಲಿ ನೆಗಡಿ ಕೆಮ್ಮು ಬಂದವರಿಗೆ, ಆಸ್ಪತ್ರೆಗೆ ಹೋಗುವಾಗ. ದೊಡ್ಡವರಿಗೆ ತಲೆಗೆ ಎರಡೆರಡು ಎನ್95 ಅಥವಾ ಎಫ್.ಎಫ್.ಪಿ.2, ಕವಾಟವಿಲ್ಲದ್ದು: ರೋಗಿಯ ಆರೈಕೆಗೆ, ಹಬ್ಬಕ್ಕೆ ಮುಂಚೆ ಅಟ್ಟದ ಧೂಳು ಹೊಡೆಯುವಾಗ, ಗೋಡೆ ಉಜ್ಜುವಾಗ, ದೀಪಾವಳಿಯ ಹೊಗೆಗೆ. ಬಟ್ಟೆಯ ಮಾಸ್ಕ್ ದಿನದ ಕಸ ಗುಡಿಸಲು ಸಾಕು. ಇವನ್ನು ಒಣಗಿದ ಜಾಗದಲ್ಲಿ, ಕಾಗದದ ಲಕೋಟೆಯಲ್ಲಿ ಇಡಬೇಕು. ಒದ್ದೆಯಾದದ್ದು, ಪಟ್ಟಿ ಸಡಿಲವಾದದ್ದು, ಉಸಿರೆಳೆಯಲು ಕಷ್ಟವಾಗುವದು ಬಿಸಾಡುವ ಹಂತ ತಲುಪಿದ್ದು. ಬಿಸಾಡುವಾಗ ಕಾಗದದಲ್ಲಿ ಸುತ್ತಿ, ಹಸಿ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡಬೇಕು. ಅದನ್ನು ಬರಿಗೈಯಲ್ಲಿ ಎತ್ತುವ ಪೌರಕಾರ್ಮಿಕರಿಗೂ ಮನೆ ಮಕ್ಕಳಿದ್ದಾರೆ.

ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಕಿಟಕಿ ತೆರೆದ ಕೋಣೆಯಲ್ಲಿ ಊದುಬತ್ತಿ ಹಚ್ಚಿ ದೂರ ಇಡಿ. ಎನ್95 ಮಾಸ್ಕನ್ನು ಸರಿಯಾಗಿ ಧರಿಸಿ, ಅಂಚಿನಲ್ಲಿ ಸಂದಿ ಇಲ್ಲವೆಂದು ಪರೀಕ್ಷಿಸಿ ಉಸಿರಾಡಿ. ಪರಿಮಳ ಬಂದೇ ಬರುತ್ತದೆ. ಮಾಸ್ಕ್ ನಕಲಿ ಎಂದು ದೂರುವ ಅವಸರ ಬೇಡ. ಹೊಗೆಯ ಕಣಗಳು ಎಳೆಗಳಲ್ಲಿ ಸಿಕ್ಕಿಬಿದ್ದಿವೆ; ಪರಿಮಳದ ಅಣುಗಳು ಅನಿಲವಾದ್ದರಿಂದ ದಾಟಿ ಬಂದಿವೆ. ಆ ಪರಿಮಳ ಬಂದ ದಾರಿಯಲ್ಲೇ ಕ್ಲೋರಿನ್ನೂ ಬರುತ್ತದೆ, ಮಾನಾಕ್ಸೈಡೂ ಬರುತ್ತದೆ. ಇಷ್ಟನ್ನು ಒಮ್ಮೆ ಮೂಗಿನಿಂದಲೇ ತಿಳಿದುಕೊಂಡ ಹುಡುಗ ಅಥವಾ ಹುಡುಗಿ, ಮುಂದೊಂದು ದಿನ ಅನಿಲ ಸೋರಿದಾಗ ಮಾಸ್ಕ್ ಹುಡುಕುತ್ತಾ ಕೂರುವುದಿಲ್ಲ. ಮನೆಯವರ ಕೈ ಹಿಡಿದು ಹೊರಗೆ ಕರೆತರುತ್ತದೆ ಆ ತಿಳಿವಳಿಕೆ.